ಯಾರ ಸಹಾಯಾರ್ಥ ಈ ನಾಟಕ?

ಕಂಪನಿ ನಾಟಕಗಳ ಹಳೆಯ ಕರಪತ್ರಗಳಿಗೆ ಒಂದು ಕ್ರಮವಿದೆ. ಮೇಲ್ತುದಿಯಲ್ಲಿ ದೇವರ ಇಲ್ಲವೇ ಗುರುಗಳ ಹೆಸರು, ಅದರ ಬೆನ್ನಿಗೇ ‘ಕೃಪಾಪೋಷಿತ’ ಎಂಬ ಮಾತು, ನಡುವೆ ದಪ್ಪ ಅಕ್ಷರಗಳಲ್ಲಿ ನಾಟಕದ ಹೆಸರು, ಕೆಳಗೆ ನೆಲ, ಬೆಂಚು, ಕುರ್ಚಿಗಳ ದರ. ಕೆಲವು ಕರಪತ್ರಗಳಲ್ಲಿ ಇವುಗಳ ನಡುವೆ ಇನ್ನೊಂದು ಸಾಲು ಬಂದು ಸೇರಿಕೊಳ್ಳುತ್ತದೆ: ಶಾಲಾ ಕಟ್ಟಡದ ಸಹಾಯಾರ್ಥ, ದೇವಸ್ಥಾನದ ಜೀರ್ಣೋದ್ಧಾರದ ಸಹಾಯಾರ್ಥ, ನೆರೆ ಸಂತ್ರಸ್ತರ ಸಹಾಯಾರ್ಥ. ಈ ಸಾಲು ಪಡೆಯುವವರ ಹೆಸರನ್ನು ಹೇಳುತ್ತದೆ. ಕೊಡುವವರು ಯಾರು ಎಂಬುದನ್ನು ಹೇಳುವುದಿಲ್ಲ.

ಕೊಡುವವರು ಪ್ರೇಕ್ಷಕರಲ್ಲವೇ ಎಂದು ನೀವು ಕೇಳಬಹುದು. ಆದರೆ ಪ್ರೇಕ್ಷಕರು ಕೊಟ್ಟ ಹಣಕ್ಕೆ ಅವರಿಗೆ ನಾಟಕ ಸಿಕ್ಕಿದೆ. ನಾಲ್ಕು ಗಂಟೆ ನಕ್ಕು, ಹಾಡು ಕೇಳಿ ಮನೆಗೆ ಹೋಗಿದ್ದಾರೆ. ಸಂಘಟಕರು ಟಿಕೆಟ್ ಮಾರಿದ್ದಾರೆ, ಅವರಿಗೆ ಊರಿನಲ್ಲಿ ಹೆಸರು ಬಂದಿದೆ. ಆ ರಾತ್ರಿ ದುಡಿದೂ ಕೂಲಿ ಬಿಟ್ಟುಕೊಟ್ಟವರು ಬಣ್ಣ ಹಚ್ಚಿದವರು, ಪೆಟ್ಟಿಗೆ ಬಾರಿಸಿದವರು, ಪರದೆ ಎಳೆದವರು. ಅವರ ಹೆಸರು ಕರಪತ್ರದಲ್ಲಿ ಇದ್ದರೂ ದಾನಿಗಳ ಪಟ್ಟಿಯಲ್ಲಿ ಇರುವುದಿಲ್ಲ.

ವಿಚಿತ್ರವೆಂದರೆ, ಈ ಪದ್ಧತಿ ಶುರುವಾದದ್ದು ತಿರುವುಮುರುವಾಗಿ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ‘ಬೆನಿಫಿಟ್ ನೈಟ್’ ಎಂದರೆ ನಟನ ರಾತ್ರಿ. ವರ್ಷಕ್ಕೊಮ್ಮೆ, ಖರ್ಚು ಕಳೆದು ಉಳಿದ ಗಲ್ಲಾಪೆಟ್ಟಿಗೆಯ ಹಣ ಒಬ್ಬ ನಟನಿಗೋ ನಟಿಗೋ ಸೇರುತ್ತಿತ್ತು. ಸಂಬಳ ಕಡಿಮೆ ಇದ್ದ ಕಾಲದಲ್ಲಿ ಅದೇ ಅವರ ವರ್ಷದ ಆಸರೆ. ಡೇವಿಡ್ ಗ್ಯಾರಿಕ್ 1776ರ ಜೂನ್ 10ರಂದು ಡ್ರೂರಿ ಲೇನ್ ರಂಗಮಂದಿರದಲ್ಲಿ ಕೊನೆಯ ಬಾರಿಗೆ ಅಭಿನಯಿಸಿದಾಗ ಆ ರಾತ್ರಿಯ ಹಣವನ್ನು ವೃದ್ಧ, ಅಶಕ್ತ ನಟರ ನಿಧಿಗೆ ಕೊಟ್ಟ. ದುರಂತ ಪಾತ್ರಗಳಿಗೆ ಹೆಸರಾದ ಆತ ಆ ರಾತ್ರಿಗೆ ಆರಿಸಿಕೊಂಡದ್ದು ಸೂಸಾನಾ ಸೆಂಟ್‌ಲಿವರ್ ಬರೆದ ಒಂದು ಪ್ರಹಸನ. ನಗಿಸಿಯೇ ವಿದಾಯ ಹೇಳಿದ, ನಗಿಸಿಯೇ ತನ್ನವರಿಗೆ ಹಣ ಕೂಡಿಸಿದ.

ಬೆನಿಫಿಟ್ ಎಂಬ ಮಾತು ಪಾರ್ಸಿ ಮತ್ತು ಮರಾಠಿ ಕಂಪನಿಗಳ ದಾರಿಯಾಗಿ ನಮ್ಮ ಕಡೆಗೂ ಬಂತು. ಬರುವ ಹೊತ್ತಿಗೆ ಅದರ ಜೊತೆ ಕಾನೂನೂ ಬಂತು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಬ್ರಿಟನ್ ಮನರಂಜನಾ ತೆರಿಗೆ ಹಾಕಿತು. ಮುಂಬೈ ಪ್ರಾಂತ್ಯದಲ್ಲಿ 1923ರಲ್ಲಿ ಅಂಥದೇ ಕಾಯ್ದೆ ಬಂತು. ಧಾರವಾಡ, ಬೆಳಗಾವಿ, ಬಿಜಾಪುರಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು. ಧರ್ಮಕಾರ್ಯಕ್ಕೆ ಆಡುವ ಆಟಕ್ಕೆ ಈ ಕಾಯ್ದೆಗಳಲ್ಲಿ ವಿನಾಯಿತಿ ಇತ್ತು. ಬ್ರಿಟನ್ನಿನ ಮೂಲ ಕಾಯ್ದೆಯಲ್ಲಿ ಆ ವಿನಾಯಿತಿಯ ಮುಖ್ಯ ಷರತ್ತನ್ನು ನಿಧಾನವಾಗಿ ಓದಬೇಕು: ಸಂಗ್ರಹವಾದ ಹಣವೆಲ್ಲ ಧರ್ಮಕಾರ್ಯಕ್ಕೇ ಹೋಗಬೇಕು, ಪ್ರದರ್ಶನದ ಖರ್ಚನ್ನು ಅದರಿಂದ ಕಳೆಯಬಾರದು. ನಟನ ಕೂಲಿಯೂ ಖರ್ಚೇ ತಾನೆ? ಅಂದರೆ ಪೂರಾ ವಿನಾಯಿತಿ ಬೇಕಿದ್ದರೆ ಕಲಾವಿದನ ಪಾಲು ಆ ಗಲ್ಲಾಪೆಟ್ಟಿಗೆಯಿಂದ ಹೊರಗಿರಬೇಕು. ನಟನ ರಾತ್ರಿಯಾಗಿದ್ದ ಬೆನಿಫಿಟ್, ನಟ ಪುಕ್ಕಟೆ ದುಡಿಯುವ ರಾತ್ರಿಯಾಗುವುದಕ್ಕೆ ಇಂಥ ಷರತ್ತುಗಳೂ ಕಾರಣವಾದವು ಎಂಬುದು ನನ್ನ ಓದು. ನಮ್ಮಲ್ಲಿ 1958ರ ಕರ್ನಾಟಕ ಮನರಂಜನಾ ತೆರಿಗೆ ಕಾಯ್ದೆ 2017ರಲ್ಲಿ ಜಿಎಸ್‌ಟಿ ಬರುವವರೆಗೂ ನಡೆಯಿತು.

ಹಣ ಕೂಡಿಸುವ ರಾತ್ರಿಗೆ ಹಾಸ್ಯನಾಟಕವೇ ಬೇಕು ಎಂಬುದು ರಂಗದವರಿಗೆ ಗೊತ್ತಿದ್ದ ಗುಟ್ಟು. ಕನ್ನಡದಲ್ಲಿ ಅಂಥ ನಾಟಕಗಳ ದೊಡ್ಡಣ್ಣ ‘ಸದಾರಮೆ’. ವರ್ತಕನ ಮಗಳಿಗೆ ಮನಸೋತ ರಾಜಕುಮಾರ ರಾಜ್ಯ ಬಿಡುತ್ತಾನೆ, ಇಬ್ಬರೂ ಅಗಲುತ್ತಾರೆ, ಕಾಡಿನಲ್ಲಿ ಅವಳಿಗೆ ಕಳ್ಳನೊಬ್ಬ ಎದುರಾಗುತ್ತಾನೆ, ಅವಳು ಗಂಡುವೇಷ ತೊಡುತ್ತಾಳೆ. ಕಥೆ ಇಷ್ಟೇ. ಜನ ಬರುತ್ತಿದ್ದದ್ದು ಕಥೆಗಲ್ಲ, ಹಾಡಿಗೆ ಮತ್ತು ಕಳ್ಳನಿಗೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಬಾಲನಟನಾಗಿ ಸೇರಿ ಮುಂದೆ ಅದರ ಒಡೆಯರಾದ ವೀರಣ್ಣನವರು ಈ ಕಳ್ಳನ ಪಾತ್ರದಿಂದಲೇ ಮನೆಮಾತಾದರು. 1935ರಲ್ಲಿ ‘ಸದಾರಮೆ’ ಚಲನಚಿತ್ರವಾದಾಗಲೂ ಅವರು ಅದರಲ್ಲಿದ್ದರು. ಎಷ್ಟೋ ವರ್ಷಗಳ ಮೇಲೆ ಮೊಮ್ಮಗಳು ಬಿ. ಜಯಶ್ರೀ ತಮ್ಮ ಸ್ಪಂದನ ತಂಡಕ್ಕೆ ಈ ನಾಟಕ ಮಾಡಿಸಿ, ತಾತನ ಕಳ್ಳನನ್ನು ತಾವೇ ಆಡಿದರು. ಹೆಣ್ಣೊಬ್ಬಳು ಕಳ್ಳನಾಗಿ, ಗಂಡುವೇಷ ತೊಡಲಿರುವ ಹೆಣ್ಣನ್ನು ಕಾಡುವ ಆಟ! ವಿಮರ್ಶಕರು ಕಂಪನಿ ನಾಟಕವನ್ನು ‘ಅತಿರೇಕ’ ಎಂದು ಬೈದದ್ದುಂಟು. ಅತಿರೇಕವೇ ಅದರ ಬಂಡವಾಳ ಎಂಬುದು ಆಡುವವರಿಗೂ ನೋಡುವವರಿಗೂ ಗೊತ್ತಿತ್ತು. ಇಲ್ಲಿ ವೇಷ ನಂಬಿಸುವುದಕ್ಕಲ್ಲ, ವೇಷ ಎಂದು ತೋರಿಸುವುದಕ್ಕೇ ಇದೆ.

ಈ ನಾಟಕವನ್ನು ನಾನು ನೋಡಿದ್ದು ನಗರದ ರಂಗಮಂದಿರದಲ್ಲಲ್ಲ, ಚನ್ನಗಿರಿ ತಾಲೂಕಿನ ನಲ್ಲೂರಿನಲ್ಲಿ, ಒಂದೇ ರಾತ್ರಿ, ಪರದೆಯೂ ಇಲ್ಲದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ ಶಿವಮೊಗ್ಗಕ್ಕೆ ಸೇರಿತ್ತು. ಆದರೆ ನಾಟಕದ ಮಟ್ಟಿಗೆ ಈ ಸೀಮೆ ಅದಕ್ಕೂ ಮೊದಲಿಂದ ದಾವಣಗೆರೆಯ ಕಡೆಗೇ ಮುಖ ಮಾಡಿತ್ತು. ಚಿಂದೋಡಿ ವೀರಪ್ಪನವರ, ಆಮೇಲೆ ಮಗಳು ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯ ಊರು ಅದು. ಹಳ್ಳಿಯ ಹುಡುಗರು ನಾಟಕ ಆಡಬೇಕೆಂದರೆ ಸೀನರಿ, ಡ್ರೆಸ್ಸು, ನಟಿಯರು ಬರುವುದು ಪೇಟೆಯಿಂದ. ಕಲಿಸುವುದಕ್ಕೆ ಒಬ್ಬ ಹಾರ್ಮೋನಿಯಂ ಮೇಷ್ಟ್ರು. ಆತ ಎರಡು ಮೂರು ತಿಂಗಳು ಊರಲ್ಲೇ ಉಳಿದು, ರಾತ್ರಿ ಊಟವಾದ ಮೇಲೆ ಅಕ್ಷರ ಬಾರದವನಿಗೂ ಮಾತು, ಮಟ್ಟು, ಹೆಜ್ಜೆ ಹೇಳಿಕೊಡುತ್ತಾನೆ. ನಾಟಕ ಮುಗಿದ ಬೆಳಿಗ್ಗೆ ಪೆಟ್ಟಿಗೆ ಹೊತ್ತು ಮುಂದಿನ ಊರಿಗೆ ಹೊರಡುತ್ತಾನೆ. ನಮ್ಮ ರಂಗಭೂಮಿಯ ಚರಿತ್ರೆಯ ಪುಸ್ತಕಗಳಲ್ಲಿ ಕಂಪನಿ ಮಾಲೀಕರಿದ್ದಾರೆ, ನಟರಿದ್ದಾರೆ, ನಾಟಕಕಾರರಿದ್ದಾರೆ. ಈ ಮೇಷ್ಟ್ರುಗಳಿಗೆ ಅಲ್ಲಿ ಸಿಕ್ಕಿರುವುದು ಒಂದೆರಡು ಸಾಲು.

ಆ ರಾತ್ರಿಯ ಪ್ರದರ್ಶನ ಅಂಥ ಒಬ್ಬ ಮುದಿ ಮೇಷ್ಟ್ರ ಚಿಕಿತ್ಸೆಯ ಸಲುವಾಗಿ. ಸುತ್ತಲ ಹಳ್ಳಿಗಳಲ್ಲಿ ಅವರಿಂದ ಕಲಿತವರೆಲ್ಲ ಸೇರಿದ್ದರು. ಖರ್ಚು ಉಳಿಸಲೆಂದು ಸೀನರಿ ತರಿಸಿರಲಿಲ್ಲ, ನಟಿಯರನ್ನು ಕರೆಸಿರಲಿಲ್ಲ. ಒಂದು ಸಾಲು ಪ್ಲಾಸ್ಟಿಕ್ ಕುರ್ಚಿ, ಎರಡು ಮೈಕು, ಹಾರ್ಮೋನಿಯಂ, ತಬಲ. ಸದಾರಮೆಯ ಮಾತು ಹಾಡುಗಳಿಗೆ ಕೂತದ್ದು ಹುರಿಮೀಸೆಯ ಅಡಿಕೆ ಬೆಳೆಗಾರರೊಬ್ಬರು. ತಲೆಯ ಮೇಲೆ ಟವೆಲ್ ಸೆರಗು ಹೊದ್ದು, ನೆಲ ನೋಡಿ ನಾಚಿದರು. ಜನ ಶಿಳ್ಳೆ ಹೊಡೆದರು. ಆದರೆ ಹಾಡು ಎತ್ತಿದಾಗ ಶಿಳ್ಳೆ ನಿಂತಿತು, ಅಷ್ಟು ಶ್ರುತಿಶುದ್ಧವಾಗಿತ್ತು. ಮುಂದೆ ಸದಾರಮೆ ಗಂಡುವೇಷ ತೊಡುವ ಘಟ್ಟ ಬಂತು. ಅವರು ಏನೂ ಮಾಡಲಿಲ್ಲ, ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಮೀಸೆ ತೀಡಿದರು. ಅಷ್ಟಕ್ಕೇ ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು.

ಕಳ್ಳ ಬಂದದ್ದು ವೇದಿಕೆಗಲ್ಲ, ಪ್ರೇಕ್ಷಕರ ನಡುವೆ. ಕೈಯಲ್ಲೊಂದು ಚೀಲ ಹಿಡಿದು, ಈ ಸಲದ ಅಡಿಕೆ ಧಾರಣೆ ಎಷ್ಟು, ಮನೆಯಲ್ಲಿ ಎಷ್ಟು ಮೂಟೆ ಬಚ್ಚಿಟ್ಟಿದ್ದೀರಿ ಎಂದು ಹೆಸರು ಹಿಡಿದು ವಿಚಾರಿಸುತ್ತ ಒಬ್ಬೊಬ್ಬರನ್ನೇ ‘ದೋಚಿದ’. ಕೊಡದೆ ಕೂತವನ ಬಗ್ಗೆ ಅಲ್ಲೇ ಒಂದು ಮಾತು ಕಟ್ಟುತ್ತಿದ್ದ. ನಗು ಜೋರಾದಷ್ಟೂ ನೋಟು ಬೀಳುತ್ತಿತ್ತು. ಮೊದಲ ಸಾಲಿನಲ್ಲಿ ಶಾಲು ಹೊದ್ದು ಕೂತ ಮೇಷ್ಟ್ರು ಚೀಲದ ಕಡೆ ನೋಡಲೇ ಇಲ್ಲ. ಪೆಟ್ಟಿಗೆ ಬಾರಿಸುತ್ತಿದ್ದ ಶಿಷ್ಯ ತಪ್ಪಿದಾಗಲೆಲ್ಲ ಅವರ ಬೆರಳು ಕುರ್ಚಿಯ ಕೈ ಮೇಲೆ ಸರಿಯಾದ ಸ್ವರ ಒತ್ತುತ್ತಿತ್ತು. ಇಂಥ ಸಹಾಯಾರ್ಥ ಪ್ರದರ್ಶನ ಚೆನ್ನಾಗಿದೆ ಎಂದು ಪಕ್ಕದ ಅಜ್ಜನಿಗೆ ಹೇಳಿದೆ. ಆತ ತಿರುಗಿ ನೋಡಿ, ‘ಸಹಾಯ ಅನ್ಬೇಡ್ರಿ. ಇದು ಮುಯ್ಯಿ’ ಎಂದ.

ಮುಯ್ಯಿ ಎಂಬುದು ಹಳ್ಳಿಯ ಲೆಕ್ಕಶಾಸ್ತ್ರ. ಮದುವೆಯಲ್ಲಿ ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಅದನ್ನು ತೀರಿಸಬೇಕು, ಸಾಧ್ಯವಾದರೆ ಒಂದು ಕೈ ಮೇಲಾಗಿ. ಅಲ್ಲಿ ಕೊಡುವವನು ದೊಡ್ಡವನಲ್ಲ, ಪಡೆಯುವವನು ಸಣ್ಣವನಲ್ಲ. ಹಳ್ಳಿ ನಾಟಕಗಳಲ್ಲಿ ಆಟದ ನಡುವೆಯೇ ಮೈಕಿನಲ್ಲಿ ಹೆಸರು ಕೂಗಿ ನಟರಿಗೆ ಬಹುಮಾನ ಕೊಡುವ ಪದ್ಧತಿಯನ್ನು ನೀವು ನೋಡಿರಬಹುದು. ದೃಶ್ಯ ನಿಲ್ಲುತ್ತದೆ, ದುಃಖದಲ್ಲಿದ್ದ ನಾಯಕಿ ನೂರಾ ಒಂದು ರೂಪಾಯಿ ತೆಗೆದುಕೊಂಡು ಕೈಮುಗಿದು ಮತ್ತೆ ಅಳಲು ಶುರು ಮಾಡುತ್ತಾಳೆ. ಪಟ್ಟಣದ ಪ್ರೇಕ್ಷಕರಿಗೆ ಇದು ರಸಭಂಗ. ಆದರೆ ಬಂದದ್ದಕ್ಕೆ ಬಂದ ಕಡೆಯೇ ಲೆಕ್ಕ ತೀರಿಸುವ ರೀತಿ ಎಂದು ನೋಡಿದರೆ, ಕಲಾವಿದರ ಪಾಲನ್ನು ಮುಚ್ಚಿಡುವ ಕರಪತ್ರಕ್ಕಿಂತ ಇದು ಹೆಚ್ಚು ಪ್ರಾಮಾಣಿಕ.

ಕಲೆಯವರೇ ತಮ್ಮವರನ್ನು ಸಾಕಿಕೊಂಡ ಉದಾಹರಣೆ ನಮ್ಮಲ್ಲೇ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅಂಧ, ಅನಾಥ ಮಕ್ಕಳಿಗೆ ಅನ್ನ ಮತ್ತು ಸಂಗೀತ ಕೊಟ್ಟಿತು. ಆ ಅನ್ನದ ಒಂದು ಪಾಲು ಬಂದದ್ದು ಆಶ್ರಮವೇ ನಡೆಸಿದ ನಾಟಕ ಕಂಪನಿಯಿಂದ. ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಅದಕ್ಕೆ ನಾಟಕ ಬರೆದರು. ದೂರದ ನ್ಯೂಯಾರ್ಕಿನಲ್ಲೂ ಇಂಥದೇ ಕಾಣುತ್ತದೆ. ಏಡ್ಸ್ ರೋಗ ರಂಗದ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಒಯ್ಯುತ್ತಿದ್ದ 1980ರ ದಶಕದಲ್ಲಿ ಬ್ರಾಡ್‌ವೇ ಕಲಾವಿದರು ಎರಡು ಸಂಘ ಕಟ್ಟಿದರು. 1992ರಲ್ಲಿ ಅವು ಒಂದಾದವು. ಹಾಡಿ ಕುಣಿದು ನಗಿಸುವ ಒಂದು ರಾತ್ರಿಯ ಆಟಗಳಿಂದ ಅವರು ಔಷಧಕ್ಕೆ, ಊಟಕ್ಕೆ ಹಣ ಕೂಡಿಸಿದರು.

ಇಂದು ಹಿರಿಯ ಕಲಾವಿದರಿಗೆ ಸರ್ಕಾರದ ಮಾಸಾಶನವಿದೆ, ಅದು ಬೇಕೇ ಬೇಕು. ಅರ್ಜಿಯಲ್ಲಿ ಆತ ತಾನು ಕಲಾವಿದನೆಂದು ಪತ್ರ ಹಚ್ಚಿ ರುಜುವಾತು ಮಾಡಬೇಕು. ಮೇಷ್ಟ್ರ ಹತ್ತಿರ ಅಂಥ ಎಷ್ಟು ಪತ್ರಗಳು ಉಳಿದಿರುತ್ತವೆ? ರುಜುವಾತು ಇರುವುದು ಬೇರೆ ಕಡೆ. ಸಹಾಯಾರ್ಥ ನಾಟಕದ ಹಣದಿಂದ ಎದ್ದ ಶಾಲೆಗಳ ಗೋಡೆಯ ಕಲ್ಲಿನಲ್ಲಿ ದಾನಿಗಳ ಹೆಸರಿವೆ, ಉದ್ಘಾಟಿಸಿದವರ ಹೆಸರಿದೆ. ನಿಮ್ಮೂರಿನಲ್ಲಿ ಅಂಥ ಕಟ್ಟಡವಿದ್ದರೆ, ಆ ವರ್ಷ ಯಾವ ನಾಟಕ ಆಡಿದರು, ಯಾರು ಕಲಿಸಿದರು, ಹೆಣ್ಣಿನ ಪಾತ್ರ ಯಾರು ಮಾಡಿದರು ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಕರಪತ್ರ ಹರಿದುಹೋಗಿದ್ದರೂ ಯಾರಾದರೂ ಒಬ್ಬರಿಗೆ ಕಳ್ಳನ ಮಾತು ನೆನಪಿರುತ್ತದೆ. ಅಲ್ಲಿಂದ ಶುರು ಮಾಡಬಹುದು.