ಕೆಮ್ಮಣ್ಣು

ನಿಘಂಟಿನಲ್ಲಿ ಕೆಮ್ಮಣ್ಣು ಒಂದೇ ಸಾಲಿಗೆ ಮುಗಿದುಹೋಗುತ್ತದೆ: ಕೆಂಪು ಮಣ್ಣು. ಮಲೆನಾಡಿನಲ್ಲಿ ಅದರ ಬಾಳು ಅಷ್ಟು ಚಿಕ್ಕದಲ್ಲ. ತೋಟಕ್ಕೆ ಉಟ್ಟು ಹೋದ ಪಂಚೆಯಲ್ಲಿ ಎಷ್ಟು ತೊಳೆದರೂ ಬಿಡದ ಕಲೆ ಕೆಮ್ಮಣ್ಣು. ಹಬ್ಬಕ್ಕೆ ತುಳಸಿಕಟ್ಟೆಗೆ, ಗೋಡೆಯ ಬುಡಕ್ಕೆ ಬಳಿಯುವ ಬಣ್ಣವೂ ಕೆಮ್ಮಣ್ಣೇ. ಜಾಜು, ಕಾವಿಕಲ್ಲು ಅದರ ದಾಯಾದಿಗಳು. ಸನ್ಯಾಸಿಯ ಬಟ್ಟೆಗೆ ಹೆಸರು ಕೊಟ್ಟ ಕಾವಿ ರಸಾಯನಶಾಸ್ತ್ರದ ಲೆಕ್ಕದಲ್ಲಿ ತುಕ್ಕಿನ ನೆಂಟ!

ಈ ಕೆಂಪೆಲ್ಲ ಕಬ್ಬಿಣದ್ದು. ಚಿನ್ನದ ಹಾಗೆ ಒಂಟಿಯಾಗಿರುವುದು ಕಬ್ಬಿಣದ ಸ್ವಭಾವವಲ್ಲ. ಕೋಲಾರದ ಬೆಣಚುಕಲ್ಲಿನೊಳಗೆ ಚಿನ್ನ ಚಿನ್ನವಾಗಿಯೇ ಕೂತಿತ್ತು. ಕಲ್ಲನ್ನು ಅರೆದು ಬೇರ್ಪಡಿಸುವುದೇ ಕೆಲಸ. ಕಬ್ಬಿಣವೋ, ಆಮ್ಲಜನಕ ಸಿಕ್ಕರೆ ಸಾಕು, ಸೇರಿಕೊಂಡುಬಿಡುತ್ತದೆ. ಕಬ್ಬಿಣವಾಗಿಯೇ ಸಿಗುವ ಕಬ್ಬಿಣ ಹೆಚ್ಚಾಗಿ ಉಲ್ಕೆಗಳದ್ದು. ನಮ್ಮ ಗುಡ್ಡಗಳಲ್ಲಿ ಮಳೆಯ ಪಾತ್ರವೂ ಉಂಟು. ಯುಗಗಟ್ಟಲೆ ಸುರಿದ ನೀರು ಕರಗುವುದನ್ನೆಲ್ಲ ತೊಳೆದೊಯ್ದು, ಕರಗದ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳನ್ನು ಬಿಟ್ಟುಹೋಗಿದೆ.

ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಗೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಅರಸರ ಹೆಸರೂ ಇದೆ, ಆದರೆ ಬಾಯಲ್ಲಿ ಉಳಿದದ್ದು ಗುಂಡಿಯೇ. ಅಲ್ಲಿ ಅಗೆದ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತು. 1923ರಲ್ಲಿ ಶುರುವಾದ ಆ ಕಾರ್ಖಾನೆಯ ಕುಲುಮೆಗೆ ಮಲೆನಾಡಿನ ಕಾಡಿನ ಇದ್ದಿಲೇ ಉರುವಲಾಗಿತ್ತು. ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುವುದೂ ಆ ಇದ್ದಿಲೇ. ಮಣ್ಣಿನಿಂದ ಕಬ್ಬಿಣವನ್ನು ಬಿಡಿಸಲು ಕಾಡು ಉರಿಯಬೇಕಾಯಿತು ಎನ್ನುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಕಳಸದಿಂದ ಆಚೆ, ಕುದುರೆಮುಖದಲ್ಲಿ ಮಾತ್ರ ಕೆಮ್ಮಣ್ಣೆಂಬ ಪದ ಸೋಲುತ್ತದೆ. ಅಲ್ಲಿನ ಮುಖ್ಯ ಅದಿರು ಮ್ಯಾಗ್ನೆಟೈಟ್; ಅದೂ ಆಕ್ಸೈಡೇ, ಆದರೆ ಬಣ್ಣ ಕಪ್ಪು, ಅಯಸ್ಕಾಂತಕ್ಕೆ ಅಂಟುತ್ತದೆ. 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ ಈ ನಿಕ್ಷೇಪಕ್ಕೆ ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿಗೆ ಮಾರುವ ಲೆಕ್ಕದಲ್ಲಿ. ಅಲ್ಲಿ ಕ್ರಾಂತಿಯಾಗಿ ಗಿರಾಕಿ ಕೈಕೊಟ್ಟ. ಅದಿರಿನಲ್ಲಿ ಕಬ್ಬಿಣ ಶೇ. 38ರ ಆಸುಪಾಸು ಮಾತ್ರ. ಹಾಗಾಗಿ ಬೆಟ್ಟವನ್ನೇ ನುಣ್ಣಗೆ ಅರೆದು, ಸಾರ ತೆಗೆದು, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. ಮಳೆಗಾಲದಲ್ಲಿ ಗಣಿಯ ಹೂಳು ಭದ್ರಾ ನದಿಗೆ ಇಳಿಯಿತು. ಮಾತು ಸುಪ್ರೀಂ ಕೋರ್ಟಿನವರೆಗೆ ಹೋಯಿತು.

2005ರ ಕೊನೆಗೆ ಗಣಿ ನಿಂತಿತು. ಸಾರ ತೆಗೆದು ಉಳಿದ ಪುಡಿ ಲಕ್ಯಾ ಅಣೆಕಟ್ಟೆಯ ಹಿಂದೆ ಈಗಲೂ ಇದೆ.