ಕೋಟೆನಾಡಿನ ಊಟ-ತಿಂಡಿ: ದುರ್ಗದ ಸೀಮೆಯಲ್ಲಿ ರುಚಿಯ ತಾಣಗಳನ್ನು ಅರಸುವ ಬಗೆ

ಚಿತ್ರದುರ್ಗ ಎಂದೊಡನೆ ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ ನೆನಪಾಗುವುದು ಸಹಜ. ಊಟ-ತಿಂಡಿಯ ಮಾತು ಬಂದಾಗ ಮಾತ್ರ ಈ ಊರಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಬೆಂಗಳೂರಿನಿಂದ ಹೊರಟವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಒಮ್ಮೆ ವಾಹನ ನಿಲ್ಲಿಸುತ್ತಾರೆ. ಮತ್ತೆ ನಿಲ್ಲಿಸುವುದು ದಾವಣಗೆರೆಯ ಬೆಣ್ಣೆದೋಸೆಗೆ. ನಡುವಿನ ಹಿರಿಯೂರು, ಚಿತ್ರದುರ್ಗಗಳು ಗಾಜಿನಾಚೆ ಸರಿದುಹೋಗುತ್ತವೆ. ಹೊಸದುರ್ಗ, ಹೊಳಲ್ಕೆರೆಗಳಂತೂ ಹೆದ್ದಾರಿಯ ಪಯಣಿಗರ ಕಣ್ಣಿಗೂ ಬೀಳುವುದಿಲ್ಲ. ಈ ಅಲಕ್ಷ್ಯಕ್ಕೆ ಈ ಸೀಮೆಯ ಅಡುಗೆ ಅರ್ಹವಲ್ಲ. ಆದರೆ ಅದನ್ನು ಕಂಡುಕೊಳ್ಳಲು ಸ್ವಲ್ಪ ಬಿಡುವು, ಸ್ವಲ್ಪ ವಿಚಾರಣೆ ಅಗತ್ಯ.

ನೆಲದ ಗುಣ

ಯಾವುದೇ ಸೀಮೆಯ ಊಟವನ್ನು ಅರಿಯಬೇಕಾದರೆ ಮೊದಲು ಅಲ್ಲಿನ ಹೊಲವನ್ನು ನೋಡಬೇಕು. ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಬಹುಪಾಲು ಮಳೆಯಾಶ್ರಿತ ಬಯಲು. ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಆಸುಪಾಸು, ಪೂರ್ವದ ಹಿರಿಯೂರು, ಚಳ್ಳಕೆರೆಗಳ ಕಡೆ ಇನ್ನೂ ಕಡಿಮೆ. ರಾಗಿ, ಜೋಳ, ಸಾವೆ, ನವಣೆ, ಶೇಂಗಾ, ತೊಗರಿ, ಈರುಳ್ಳಿ, ಮೆಣಸಿನಕಾಯಿ ಇಲ್ಲಿನ ಬೆಳೆಗಳು. ನೀರಿನ ಆಸರೆ ಇರುವಲ್ಲಿ ತೆಂಗು, ಅಡಿಕೆ, ದಾಳಿಂಬೆ. ದಕ್ಷಿಣದ ಮುದ್ದೆಯೂ ಉತ್ತರದ ರೊಟ್ಟಿಯೂ ಒಂದೇ ಮನೆಯಲ್ಲಿ ಬೇಯುವ ಪ್ರದೇಶವಿದು. ತುಮಕೂರಿನ ಕಡೆಯಿಂದ ಬರುವವರಿಗೆ ಸಾಂಬಾರಿನ ಜಾಗದಲ್ಲಿ ಖಾರವಾದ ಸೊಪ್ಪಿನ ಸಾರು ಎದುರಾದರೆ, ಹುಬ್ಬಳ್ಳಿಯ ಕಡೆಯಿಂದ ಬರುವವರಿಗೆ ರೊಟ್ಟಿಯ ಪಕ್ಕದಲ್ಲಿ ಮುದ್ದೆ ಕಾಣುತ್ತದೆ. ಎರಡಕ್ಕೂ ಹೊಂದುವ ಒಂದು ನಂಟೆಂದರೆ ಶೇಂಗಾ ಚಟ್ನಿಪುಡಿ. ಪಕ್ಕದ ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಹೀಗಾಗಿ ಇಡೀ ಸೀಮೆಯ ಒಗ್ಗರಣೆಗೆ ಬಹುಕಾಲ ಕಡಲೆಕಾಯಿ ಎಣ್ಣೆಯದೇ ಘಮ.

ಧಾನ್ಯವನ್ನು ಕೂಡಿಡುವ ಜಾಣ್ಮೆ ಇಲ್ಲಿ ಹಳೆಯದು. ದುರ್ಗದ ಕೋಟೆಯೊಳಗೆ ಕಣಜಗಳೂ ಎಣ್ಣೆ ಕೊಳಗಳೂ ಇಂದಿಗೂ ಕಾಣಸಿಗುತ್ತವೆ. ಅಲ್ಲಿರುವ ಭಾರಿ ಬೀಸುವ ಕಲ್ಲುಗಳನ್ನು ಕಂಡು ಹಿಟ್ಟಿನ ಗಿರಣಿಯೆಂದು ಭಾವಿಸುವ ಪ್ರವಾಸಿಗರುಂಟು. ಅವು ಬೀಸುತ್ತಿದ್ದುದು ರಾಗಿಯನ್ನಲ್ಲ, ಸಿಡಿಮದ್ದನ್ನು. ಓಬವ್ವನ ಕೈಯಲ್ಲಿದ್ದ ಒನಕೆ ಮಾತ್ರ ನಿಸ್ಸಂದೇಹವಾಗಿ ಅಡುಗೆಮನೆಯದು.

ದುರ್ಗದ ಬೆಳಗು

ಚಿತ್ರದುರ್ಗದಲ್ಲಿ ರುಚಿಯ ಹುಡುಕಾಟ ಬೆಳಗಿನ ಜಾವವೇ ಆರಂಭವಾಗಬೇಕು. ಕೋಟೆಯ ಬುಡದ ಹಳೆಯ ಪೇಟೆ, ಆನೆಬಾಗಿಲು, ಗಾಂಧಿ ವೃತ್ತ, ಸಂತೆಪೇಟೆಯ ಆಸುಪಾಸಿನ ಓಣಿಗಳಲ್ಲಿ ಚಿಕ್ಕ ಚಿಕ್ಕ ಟಿಫಿನ್ ರೂಂಗಳಿವೆ. ಇವುಗಳಲ್ಲಿ ಶ್ರೀ ಲಕ್ಷ್ಮೀ ಟಿಫಿನ್ ರೂಂ ಹೆಸರು ಮಸಾಲೆ ದೋಸೆಗಾಗಿ ಪರಊರುಗಳಲ್ಲೂ ಕೇಳಿಬರುತ್ತದೆ. ಕೋಟೆ ನೋಡಲು ಬಂದವರು ಮೊದಲು ಇಲ್ಲಿ ಕುಳಿತು ಅನಂತರ ಬೆಟ್ಟ ಹತ್ತುವುದುಂಟು. ಅದು ಒಳ್ಳೆಯ ಕ್ರಮವೇ ಸರಿ; ಬಿಸಿಲೇರಿದ ಮೇಲೆ ಬಂಡೆಗಳ ನಡುವೆ ಏರುವುದೂ ಕಷ್ಟ, ಇಳಿದು ಬಂದಾಗ ದೋಸೆಯ ಕಾವಲಿ ಆರಿರುವ ಸಂಭವವೂ ಹೆಚ್ಚು.

ದೋಸೆಯ ವಿಷಯದಲ್ಲಿ ದುರ್ಗದವರಿಗೆ ದಾವಣಗೆರೆಯೊಡನೆ ಹಳೆಯ ಲೆಕ್ಕವಿದೆ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯದೇ ಒಂದು ತಾಲ್ಲೂಕಾಗಿತ್ತು. ಎರಡೂ ಊರುಗಳ ಅಂತರ 60 ಕಿ.ಮೀ. ಮಾತ್ರ. ಬೆಣ್ಣೆದೋಸೆಯ ಹಿಟ್ಟಿಗೆ ಅಕ್ಕಿ, ಉದ್ದಿನೊಡನೆ ಮಂಡಕ್ಕಿಯನ್ನೂ ಸೇರಿಸುವುದು ವಾಡಿಕೆ. ಅಂಚು ಗರಿಗರಿಯಾಗಿ, ಒಡಲು ಮೆತ್ತಗಾಗುವ ಗುಟ್ಟು ಅದೇ. ಜೊತೆಗೆ ಅರಿಸಿನ ಬೀಳದ ಬಿಳಿಯ ಆಲೂಗಡ್ಡೆ ಪಲ್ಯ, ಹಸಿಮೆಣಸಿನಕಾಯಿಯ ಕಾಯಿಚಟ್ನಿ. ಆ ಕೈವಾಡ ಜಿಲ್ಲೆಯ ಗಡಿರೇಖೆ ಎಳೆದ ಮಾತ್ರಕ್ಕೆ ನಿಲ್ಲುವಂಥದ್ದಲ್ಲ. ಆದರೆ ದುರ್ಗದ ಹಳೆಯ ಹೋಟೆಲುಗಳ ಮಸಾಲೆ ದೋಸೆ ಬೆಣ್ಣೆದೋಸೆಯ ನಕಲೂ ಅಲ್ಲ. ಕೆಂಪಗೆ ಬೆಂದು, ಒಳಮೈಗೆ ಕೆಂಪು ಚಟ್ನಿ ಸವರಿಸಿಕೊಂಡು ಬರುವ ಹಳೆ ಮೈಸೂರಿನ ಬಗೆ ಇಲ್ಲಿನ್ನೂ ಉಳಿದಿದೆ. ಮೈಸೂರು ಸಂಸ್ಥಾನದ ಜಿಲ್ಲಾ ಕೇಂದ್ರವಾಗಿದ್ದ ಊರಿಗೆ ಅದು ತಕ್ಕದ್ದೇ.

ಒಳ್ಳೆಯ ಹೋಟೆಲನ್ನು ಗುರುತಿಸಲು ಫಲಕ ನೋಡಿ ಪ್ರಯೋಜನವಿಲ್ಲ. ತಿನಿಸುಗಳ ಪಟ್ಟಿ ಚಿಕ್ಕದಿದ್ದಷ್ಟೂ ಭರವಸೆ ಹೆಚ್ಚು. ನಾಲ್ಕೈದು ತಿಂಡಿ ಮಾತ್ರ ಮಾಡುವ ಕಡೆ ಹಿಟ್ಟು ಅಂದಂದಿಗೇ ತೀರುತ್ತದೆ. ನಲವತ್ತು ತಿಂಡಿ ಬರೆದ ಕಡೆ ತಂಗಳು ಪೆಟ್ಟಿಗೆಗೇ ಹೆಚ್ಚು ಕೆಲಸ. ಬೆಳಿಗ್ಗೆ ಹತ್ತೂವರೆಗೆ 'ದೋಸೆ ಮುಗೀತು' ಎಂದು ಹೇಳುವ ಹೋಟೆಲಿನ ಮೇಲೆ ಬೇಸರಿಸಿಕೊಳ್ಳದೆ ಮರುದಿನ ಅಲ್ಲಿಗೇ ಹೋಗುವುದು ಲೇಸು. ಇನ್ನು ಚಟ್ನಿ. ತೆಂಗಿನಕಾಯಿಯ ಬೆಲೆ ಏರಿದಾಗ ಕಾಯಿಯ ಪಾಲು ಇಳಿದು ಹುರಿಗಡಲೆಯ ಪಾಲು ಏರುವುದು ಎಲ್ಲೆಡೆಯ ರೂಢಿ. ಬೆಲೆ ಏರಿದ ದಿನಗಳಲ್ಲೂ ಚಟ್ನಿಯ ಹದ ಕೆಡಿಸದ ಹೋಟೆಲು ಯಾವುದೆಂಬುದು ನ್ಯಾಯಾಲಯದ ಗುಮಾಸ್ತರಿಗೆ, ಕೃಷಿ ಮಾರುಕಟ್ಟೆಯ ಹಮಾಲರಿಗೆ, ಬಸ್ಸಿನ ನಿರ್ವಾಹಕರಿಗೆ ಚೆನ್ನಾಗಿ ಗೊತ್ತು. ನಿತ್ಯ ಹೊರಗೆ ತಿನ್ನಲೇಬೇಕಾದವರ ನಾಲಿಗೆ ಮೋಸ ಹೋಗುವುದಿಲ್ಲ. ಊರಿಗೆ ಹೊಸಬರು ಕೇಳಬೇಕಾದದ್ದು ಇಂಥವರನ್ನು.

ಮಧ್ಯಾಹ್ನಕ್ಕೆ ಖಾನಾವಳಿಗಳಿವೆ. ರೊಟ್ಟಿ ಅಥವಾ ಚಪಾತಿ, ಪಲ್ಯ, ಕಾಳು, ಶೇಂಗಾ ಪುಡಿ, ಮೊಸರು, ಕೊನೆಯಲ್ಲಿ ಅನ್ನ-ಸಾರು. ಬಡಿಸುವವರು ಎರಡನೆಯ ಬಾರಿ ಕೇಳದೇ ಬಡಿಸಿದರೆ ಅದು ಸರಿಯಾದ ಖಾನಾವಳಿ. ಮಾಂಸಾಹಾರಿಗಳಿಗೆ ಮುದ್ದೆ ಊಟದ ಮಿಲಿಟರಿ ಹೋಟೆಲುಗಳಿವೆ. ಕುರಿ ಸಾಕಣೆ ಹೆಚ್ಚಾಗಿರುವ ಜಿಲ್ಲೆಯಾದ್ದರಿಂದ ಕುರಿಮಾಂಸದ ಸಾರಿಗೆ ಇಲ್ಲಿ ವಿಶೇಷ ಮರ್ಯಾದೆ. ಬಿಸಿಲಲ್ಲಿ ಪೇಟೆ ಸುತ್ತಲಾಗದವರಿಗೆ ಕೋಟೆಯ ಬಳಿಯಲ್ಲೇ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲಿದೆ. ಅಲ್ಲಿಂದ ಕಾಣುವ ಬೆಟ್ಟದ ನೋಟವೂ ಊಟದ ಭಾಗವೆಂದು ಎಣಿಸಬಹುದು.

ಸಂಜೆ ಮಂಡಕ್ಕಿಯ ಹೊತ್ತು. ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ: ಮಧ್ಯ ಕರ್ನಾಟಕದ ಸಂಜೆಗೆ ಇದಕ್ಕಿಂತ ಬೇರೆ ಉಪಚಾರ ಬೇಕಿಲ್ಲ. ಇದಕ್ಕೆ ತಳ್ಳುಗಾಡಿಯೇ ಸರಿಯಾದ ಸ್ಥಳ.

ಹೆದ್ದಾರಿ ಮತ್ತು ಹಿರಿಯೂರು

ಹಿರಿಯೂರಿನ ಹೋಟೆಲುಗಳ ಕಥೆ ರಸ್ತೆಯ ಕಥೆ. ಬೆಂಗಳೂರಿನಿಂದ ಸುಮಾರು 160 ಕಿ.ಮೀ. ದೂರದ ಈ ಊರು ಪುಣೆ ರಸ್ತೆಯೂ ಬಳ್ಳಾರಿ ರಸ್ತೆಯೂ ಕೂಡುವ ತಾಣ. ಅಂದಿನ ರಾಷ್ಟ್ರೀಯ ಹೆದ್ದಾರಿ 4, ಇಂದಿನ 48, ಊರಿನ ನಡುವೆಯೇ ಹಾದುಹೋಗುತ್ತಿದ್ದ ಕಾಲದಲ್ಲಿ ಲಾರಿ ಚಾಲಕರೂ ರಾತ್ರಿ ಬಸ್ಸಿನ ಪ್ರಯಾಣಿಕರೂ ಊರಿನೊಳಗೇ ಉಣ್ಣುತ್ತಿದ್ದರು. ಚತುಷ್ಪಥ ರಸ್ತೆ ಬಂದು ವಾಹನಗಳು ಊರ ಹೊರಗಿನಿಂದಲೇ ಸಾಗತೊಡಗಿದ ಮೇಲೆ ವ್ಯಾಪಾರವೂ ಹೊರಕ್ಕೆ ಸರಿಯಿತು. ವಿಶಾಲ ವಾಹನ ನಿಲುಗಡೆ, ಶೌಚಾಲಯ, ಹೊಳೆಯುವ ದೀಪಗಳ ಉಪಾಹಾರ ಗೃಹಗಳು ಹೆದ್ದಾರಿಯ ಬದಿಗೆ ಎದ್ದುನಿಂತವು. ಅನುಕೂಲದಲ್ಲಿ ಅವುಗಳಿಗೆ ಸಾಟಿಯಿಲ್ಲ; ಮಕ್ಕಳು, ವೃದ್ಧರೊಡನೆ ಹೊರಟವರು ಅವುಗಳನ್ನೇ ಆರಿಸುವುದರಲ್ಲಿ ತಪ್ಪೂ ಇಲ್ಲ. ಆದರೆ ಅಲ್ಲಿನ ಇಡ್ಲಿ-ವಡೆಗೆ ಊರಿನ ಗುರುತೇ ಇಲ್ಲ. ಶಿರಾದಲ್ಲಿ ತಿಂದರೂ ಅದೇ ರುಚಿ, ರಾಣೆಬೆನ್ನೂರಿನಲ್ಲಿ ತಿಂದರೂ ಅದೇ.

ಊರೊಳಗಿನ ಹೋಟೆಲುಗಳಿಗೆ ಹೀಗೆ ಎರಡೇ ದಾರಿ ಉಳಿದವು: ಬಾಗಿಲು ಮುಚ್ಚುವುದು, ಇಲ್ಲವೇ ಊರವರನ್ನೇ ನಂಬುವುದು. ಎರಡನೆಯ ದಾರಿ ಹಿಡಿದವು ಒಂದು ಲೆಕ್ಕದಲ್ಲಿ ಸುಧಾರಿಸಿದವೆನ್ನಬೇಕು. ಒಮ್ಮೆ ಬಂದು ಹೋಗುವ ಗಿರಾಕಿಗೆ ನೀರು ಸಾರು ಬಡಿಸಬಹುದು. ನಾಳೆಯೂ ಬರುವ ಗಿರಾಕಿಗೆ ಆಗದು. ಹೆದ್ದಾರಿಯಿಂದ ಇಳಿದು ಊರೊಳಗೆ ಹೋಗಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ಉಳಿಸಿ ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಕಳೆಯುವುದರಲ್ಲಿ ಯಾವ ಲಾಭವಿದೆಯೋ ತಿಳಿಯದು.

ಹಿರಿಯೂರಿಗೆ ಬಂದವರು ಮಾರಿಕಣಿವೆಗೂ ಹೋಗುವುದುಂಟು. ವೇದಾವತಿ ನದಿಗೆ 1898ರಿಂದ 1907ರ ಅವಧಿಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ಬಳಿಕ. ಆ ನೀರನ್ನು ನೋಡಲು ಜನ ತಂಡತಂಡವಾಗಿ ಬಂದರು. ಅದಕ್ಕೆ ಕೆಲವೇ ವರ್ಷ ಹಿಂದೆ, ಬರಗಾಲದಲ್ಲಿ, ಹಿರಿಯೂರು-ಹೊಸದುರ್ಗಗಳ ತೆಂಗಿನ ತೋಟಗಳು ಒಣಗಿ ನಿಂತಿದ್ದವು. ಹೋಟೆಲಿನ ಚಟ್ನಿ ಬಟ್ಟಲಿಗೂ ಜಲಾಶಯದ ಮಟ್ಟಕ್ಕೂ ಇಲ್ಲಿ ನೇರ ಸಂಬಂಧವಿದೆ. ತೇರುಮಲ್ಲೇಶ್ವರ ಸ್ವಾಮಿಯ ಜಾತ್ರೆಯ ಕಾಲಕ್ಕೆ ಹಿರಿಯೂರಿಗೆ ಬಂದರೆ ಬೆಂಡು-ಬತ್ತಾಸು, ಕಾರಾಸೇವೆ, ಮಂಡಕ್ಕಿಯ ರಾಶಿಗಳ ನಡುವೆ ಬೇರೆ ಹೋಟೆಲು ಹುಡುಕುವ ಗೋಜೇ ಇರುವುದಿಲ್ಲ.

ಹೊಸದುರ್ಗದ ಸಾವೆ

ಹೊಸದುರ್ಗ ತಾಲ್ಲೂಕು ಸಿರಿಧಾನ್ಯಗಳಿಗೆ, ವಿಶೇಷವಾಗಿ ಸಾವೆಗೆ ಹೆಸರಾಗಿದೆ. ಹಾಗೆಂದು ಊರಿನ ಹೋಟೆಲಿಗೆ ಹೋಗಿ ಸಾವೆ ಅನ್ನ ಕೇಳಿದರೆ ಮಾಣಿ ನಗುವ ಸಾಧ್ಯತೆಯೇ ಹೆಚ್ಚು. ಬೆಳೆಯುವ ಊರಿನಲ್ಲಿಯೇ ಬಡಿಸುವವರಿಲ್ಲ ಎಂಬ ಈ ವಿಪರ್ಯಾಸಕ್ಕೆ ಕಾರಣಗಳಿವೆ.

ಮೊದಲನೆಯದು ಹೊಟ್ಟು. ರಾಗಿಯನ್ನು ನೇರವಾಗಿ ಬೀಸಬಹುದು. ಸಾವೆ, ನವಣೆಗಳಿಗೆ ಗಟ್ಟಿಯಾದ ಮೇಲ್ಸಿಪ್ಪೆಯಿದ್ದು, ಅದನ್ನು ತೆಗೆದ ಮೇಲಷ್ಟೇ ಅಕ್ಕಿ. ಹಿಂದೆ ಮನೆಯ ಹೆಂಗಸರು ಒರಳಿನಲ್ಲಿ ಕುಟ್ಟಿ, ಮೊರದಲ್ಲಿ ಕೇರಿ ಅಕ್ಕಿ ಮಾಡುತ್ತಿದ್ದರು. ಆ ಶ್ರಮ ನಿಂತಿತು, ನಿಲ್ಲಬೇಕಾದದ್ದೇ. ಆದರೆ ಅದರ ಸ್ಥಾನಕ್ಕೆ ಊರಲ್ಲೇ ಸಣ್ಣ ಯಂತ್ರ ಬರಲಿಲ್ಲ. ಧಾನ್ಯ ವರ್ತಕರ ಮೂಲಕ ನಾಸಿಕ್‌ನಂಥ ದೂರದ ಊರುಗಳ ಗಿರಣಿಗಳಿಗೆ ಹೋಗಿ, ಹೊಳಪಿನ ಪೊಟ್ಟಣದಲ್ಲಿ ಬೆಂಗಳೂರಿನ ಅಂಗಡಿ ಸೇರುವ ಪದ್ಧತಿ ಬೆಳೆಯಿತು. ಎರಡನೆಯದು ಪಡಿತರದ ಅಕ್ಕಿ. ಸುಲಭವಾಗಿ ಬಿಳಿ ಅನ್ನ ಸಿಕ್ಕಿದ ಮೇಲೆ ಸಾವೆ ಅನ್ನಕ್ಕೆ ಬಡತನದ ಮುದ್ರೆ ಬಿತ್ತು. ಅತಿಥಿಗೆ ಅದನ್ನು ಬಡಿಸಲು ಮನೆಯವರೇ ಸಂಕೋಚಪಟ್ಟರು. ಹೋಟೆಲಿನವರು ಹೇಗೆ ಬಡಿಸಿಯಾರು?

ಗಾಳಿ ಈಚೆಗೆ ಸ್ವಲ್ಪ ತಿರುಗಿದೆ. ಸಿರಿಧಾನ್ಯ ಬೆಳೆಯುವ ರೈತರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ನೀಡುವ 'ರೈತಸಿರಿ' ಯೋಜನೆಯನ್ನು ರಾಜ್ಯ ಸರ್ಕಾರ 2019-20ರಲ್ಲಿ ತಂದಿತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಸಕ್ಕರೆ ಕಾಯಿಲೆಯ ಭಯವೂ ತನ್ನ ಪಾಲಿನ ಪ್ರಚಾರ ಮಾಡಿದೆ. ಹಾಗಾಗಿ ಹೊಸದುರ್ಗದಲ್ಲಿ ಸಾವೆ, ನವಣೆಗಳನ್ನು ಹುಡುಕುವವರು ಹೋಟೆಲಿಗಿಂತ ದಿನಸಿ ಅಂಗಡಿ, ಸಂತೆ, ರೈತ ಗುಂಪುಗಳ ಮಳಿಗೆಗಳಲ್ಲಿ ವಿಚಾರಿಸುವುದು ಒಳಿತು. ಕೊಳ್ಳುವಾಗ ತೀರ ಬೆಳ್ಳಗೆ ಹೊಳೆಯುವ ಅಕ್ಕಿಗಿಂತ ಮಾಸಲು ಬಣ್ಣದ್ದನ್ನು ಆರಿಸಬೇಕು. ಹೆಚ್ಚು ಉಜ್ಜಿದಷ್ಟೂ ತೌಡಿನ ಸತ್ವ ಹೋಗಿರುತ್ತದೆ. ಮೂಸಿ ನೋಡಿ ಕಮಟು ವಾಸನೆ ಬಂದರೆ ಬಿಡುವುದು ಮೇಲು.

ಮುದ್ದೆಯ ಸ್ಥಿತಿ ಸಾವೆಯಷ್ಟು ಕಷ್ಟದ್ದಲ್ಲ. ಆದರೂ ಅದಕ್ಕೊಂದು ಸ್ವಭಾವವಿದೆ: ತೊಳಸಿ ಕಟ್ಟಿದ ಅರ್ಧ ಗಂಟೆಯೊಳಗೆ ಉಣ್ಣಬೇಕು. ಆರಿದ ಮುದ್ದೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯದು. ಆದ್ದರಿಂದ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ, ಜನ ತುಂಬಿರುವ ಹೊತ್ತಿಗೇ ಮುದ್ದೆ ಹೋಟೆಲಿಗೆ ಹೋಗಬೇಕು. ಸಾಲು ಇದ್ದರೆ ಶುಭಸೂಚನೆ.

ಇದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿವರ್ಷ ನಾಟಕೋತ್ಸವ ನಡೆಯುತ್ತದೆ. ನಾಟಕ ನೋಡಲು ಬಂದವರಿಗೆ ಮಠದ ದಾಸೋಹವುಂಟು. ಸಿರಿಗೆರೆ, ದುರ್ಗದ ಮುರುಘಾಮಠಗಳಂಥ ಕಡೆಗಳಲ್ಲೂ ದಾಸೋಹದ ಪರಂಪರೆ ಹಿರಿದು. ಸಾಲುಪಂಕ್ತಿಯಲ್ಲಿ ಕುಳಿತು ಉಣ್ಣುವ ಆ ಅನ್ನ-ಸಾರಿಗೆ ಬೆಲೆಪಟ್ಟಿಯಿಲ್ಲ. ರುಚಿಯ ಪಟ್ಟಿ ಮಾಡುವವರು ಅದನ್ನು ಮರೆಯಬಾರದು.

ಹೊಳಲ್ಕೆರೆ

ಶಿವಮೊಗ್ಗದತ್ತ ಸಾಗುವ ರಸ್ತೆಯಲ್ಲಿ, ದುರ್ಗದಿಂದ ಸುಮಾರು 35 ಕಿ.ಮೀ. ದೂರದಲ್ಲಿ ಹೊಳಲ್ಕೆರೆ. ಬಯಲು ಗಣಪತಿಯ ದರ್ಶನಕ್ಕೆ ಬರುವವರೇ ಇಲ್ಲಿನ ಹೋಟೆಲುಗಳ ಹೊರಊರಿನ ಗಿರಾಕಿಗಳು. ಪಶ್ಚಿಮಕ್ಕೆ ಸರಿದಂತೆ ಅಡಿಕೆ ತೋಟಗಳು ದಟ್ಟವಾಗುತ್ತವೆ, ಊಟದಲ್ಲಿ ಅನ್ನದ ಪಾಲು ಏರುತ್ತದೆ. ಬಸ್ ನಿಲ್ದಾಣದ ಸುತ್ತಲಿನ ಚಿಕ್ಕ ಹೋಟೆಲುಗಳ ಇಡ್ಲಿ, ಪಡ್ಡು, ಚಿತ್ರಾನ್ನ ಅಚ್ಚುಕಟ್ಟು. ಅದಕ್ಕಿಂತ ಹೆಚ್ಚಿನ ನಿರೀಕ್ಷೆ ಬೇಡ. ತಾಲ್ಲೂಕಿನಲ್ಲೇ ಇರುವ ಚಿಕ್ಕಜಾಜೂರು ರೈಲ್ವೆ ಜಂಕ್ಷನ್ ಮೂಲಕ ಬರುವವರು ಹಸಿವಿನಿಂದ ಬಂದರೂ ಊರು ಸೇರುವವರೆಗೆ ತಾಳುವುದು ಉತ್ತಮ.

ಕಟ್ಟಿಕೊಂಡು ಹೋಗಲು

ಈ ಸೀಮೆಯಿಂದ ಮನೆಗೆ ಒಯ್ಯಲು ಯೋಗ್ಯವಾದವು ಶೇಂಗಾ ಚಟ್ನಿಪುಡಿ, ಶೇಂಗಾ ಚಿಕ್ಕಿ, ಕಡಲೆಕಾಯಿ ಎಣ್ಣೆ, ಹೊಸದುರ್ಗದ ಕಡೆಯ ಕೊಬ್ಬರಿ. ಗಾಣದ ಎಣ್ಣೆಯೆಂದು ಮಾರುವಲ್ಲಿ ಗಾಣ ಕಣ್ಣೆದುರಿಗೇ ತಿರುಗುತ್ತಿದ್ದರೆ ಚೆನ್ನ. ಪೊಟ್ಟಣ ಕಟ್ಟಿದ ತಿನಿಸಿನ ಮೇಲೆ ತಯಾರಿಕೆಯ ದಿನಾಂಕ ಹಾಗೂ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಬೇಕು. ಎಣ್ಣೆಯಲ್ಲಿ ಕರಿದದ್ದಕ್ಕಿಂತ ಹುರಿದದ್ದು ಪ್ರಯಾಣದಲ್ಲಿ ಹೆಚ್ಚು ದಿನ ಬಾಳುತ್ತದೆ. ಹಾಲು, ಬೆಣ್ಣೆ, ಪೇಡಕ್ಕೆ ನಂದಿನಿ ಮಳಿಗೆಗಳಿವೆ. ಚಿತ್ರದುರ್ಗ ಜಿಲ್ಲೆಯ ಹಾಲು ಉತ್ಪಾದಕರು ಶಿವಮೊಗ್ಗ ಹಾಲು ಒಕ್ಕೂಟದ ವ್ಯಾಪ್ತಿಗೆ ಸೇರಿದವರು.

ಪ್ರವಾಸಕ್ಕೆ ಅಕ್ಟೋಬರ್-ನವೆಂಬರ್ ತಿಂಗಳು ಪ್ರಶಸ್ತ. ಮಳೆ ಕಳೆದು ಕೋಟೆಯ ಹೊಂಡಗಳಲ್ಲಿ ನೀರು ನಿಂತಿರುತ್ತದೆ, ಮುಂಗಾರಿನ ಶೇಂಗಾ ಆಗತಾನೇ ಹೊಲದಿಂದ ಬಂದಿರುತ್ತದೆ. ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿಯನ್ನು ರಸ್ತೆ ಬದಿಯಲ್ಲಿ ಸೇರಿನ ಲೆಕ್ಕದಲ್ಲಿ ಮಾರುತ್ತಾರೆ. ಬಿಸಿಯಿರುವಾಗಲೇ ಕೊಳ್ಳಬೇಕು, ಸಿಪ್ಪೆಗೆ ಬೇರೆ ಚೀಲ ಕೇಳಿ ಪಡೆಯಬೇಕು.