ಷೇರುಪೇಟೆ: ಆರಂಭದ ಅಬ್ಬರಕ್ಕೆ ತಾಳ್ಮೆಯೇ ಮದ್ದು

ಭಾರತದ ಷೇರುಪೇಟೆಗಳಲ್ಲಿ ವಹಿವಾಟು ಬೆಳಿಗ್ಗೆ 9.15ಕ್ಕೆ ಆರಂಭವಾಗುತ್ತದೆ. ರಾತ್ರಿಯಿಡೀ ಬಂದ ಸುದ್ದಿಗಳ ಪ್ರಭಾವ ಒಮ್ಮೆಲೇ ಎರಗುವುದರಿಂದ ದರಗಳು ತೀವ್ರವಾಗಿ ಏರಿಳಿಯುತ್ತವೆ. ಇದನ್ನು ತಗ್ಗಿಸಲೆಂದೇ 2010ರ ಅಕ್ಟೋಬರ್‌ನಲ್ಲಿ 9ರಿಂದ 9.15ರವರೆಗಿನ ಪೂರ್ವಭಾವಿ ಅವಧಿ ಜಾರಿಗೆ ಬಂದಿತು. ಆದರೂ ಅಬ್ಬರ ಪೂರ್ತಿ ಅಡಗಿಲ್ಲ.

2020ರ ಮಾರ್ಚ್ 13ರಂದು ಕೊರೊನಾ ಭೀತಿಯಿಂದ ಪೇಟೆ ಆರಂಭದಲ್ಲೇ ಶೇ 10ರಷ್ಟು ಕುಸಿದು, ವಹಿವಾಟು 45 ನಿಮಿಷ ಸ್ಥಗಿತಗೊಂಡಿತು. ಆದರೆ ದಿನದಂತ್ಯಕ್ಕೆ ಸೆನ್ಸೆಕ್ಸ್ 1,325 ಅಂಶ ಗಳಿಸಿತ್ತು. ಗಾಬರಿಯಿಂದ ಮಾರಿದವರಿಗೆ ಈ ಚೇತರಿಕೆ ದಕ್ಕಲಿಲ್ಲ. ಮಾರ್ಚ್ 23ರಂದು ಮತ್ತೆ ಅಂಥದೇ ಕುಸಿತ, ಅಷ್ಟೇ ಹೊತ್ತಿನ ಸ್ಥಗಿತ. ಈ ಬಾರಿ ಚೇತರಿಕೆ ಬರಲಿಲ್ಲ. ಸೆನ್ಸೆಕ್ಸ್ 3,935 ಅಂಶ ಕಳೆದುಕೊಂಡಿತು. ಅಗ್ಗವೆಂದು ಕೊಳ್ಳಲು ಧಾವಿಸಿದವರು ಸಂಜೆಗೆ ಪರಿತಪಿಸುವಂತಾಯಿತು.

ಮೊದಲ ದರ ದಿನದ ದಿಕ್ಕನ್ನು ಹೇಳದು ಎಂಬುದೇ ಇಲ್ಲಿನ ಪಾಠ. ಮೊದಲ 15ರಿಂದ 30 ನಿಮಿಷಗಳ ಗರಿಷ್ಠ, ಕನಿಷ್ಠ ಮಟ್ಟಗಳನ್ನು ಗುರುತಿಸಿಕೊಂಡು, ದರ ಅವುಗಳಲ್ಲೊಂದನ್ನು ದಾಟಿ ನಿಂತ ಬಳಿಕವೇ ಪ್ರವೇಶಿಸುವುದು ಅನೇಕ ದಿನವಹಿ ವ್ಯಾಪಾರಿಗಳ ರೂಢಿ. ಈ ಕ್ರಮವೂ ಕೆಲವೊಮ್ಮೆ ಕೈಕೊಡುತ್ತದೆ. ಆದ್ದರಿಂದ ಬೆಲೆ ನಿಗದಿಪಡಿಸಿದ ಲಿಮಿಟ್ ಆರ್ಡರ್, ನಷ್ಟಕ್ಕೆ ಮಿತಿ ಹಾಕುವ ಸ್ಟಾಪ್ ಲಾಸ್ ಎರಡೂ ಅಗತ್ಯ. ತಪ್ಪಿದ ಅವಕಾಶ ನಾಳೆ ಮತ್ತೆ ಬಂದೀತು. ಕರಗಿದ ಬಂಡವಾಳ ಅಷ್ಟು ಸುಲಭವಾಗಿ ಮರಳದು.